ಆರು ಪಾತ್ರೆ ಬಿಸಿಲು

ನಮ್ಮ ಮನೆಯಲ್ಲಿ ಬೆಳಗಾಗುವುದು ಎಂಟೂವರೆಗೆ. ಅದಕ್ಕೆ ಮೊದಲು ಸೂರ್ಯ ಹುಟ್ಟಿರಬಹುದು, ಹಾಲಿನವನು ಬಂದು ಹೋಗಿರಬಹುದು, ನಾನು ಲಾಡ್ಜಿನ ನಲವತ್ತು ಬೆಡ್‌ಶೀಟು ಒಗೆದು ಹಿಂಡಿ ಒಣಹಾಕಿಯೂ ಇರಬಹುದು. ಅದಾವುದೂ ಲೆಕ್ಕಕ್ಕಿಲ್ಲ. ಎಂಟೂವರೆಗೆ ನನ್ನ ಗಂಡ ಬೇಲಿಯೊಳಗೆ ಹೋಗಿ, ತೊಟ್ಟಿಗೆ ನೀರು ಸುರಿದು, ಎಷ್ಟು ಪಾತ್ರೆ ಹಿಡಿಯಿತೆಂದು ಪುಸ್ತಕದಲ್ಲಿ ಬರೆದ ಮೇಲೆಯೇ ಬೆಳಗಾಯಿತೆಂದು ಅರ್ಥ. ಅಲ್ಲಿಯವರೆಗೆ ಅವರನ್ನು ಮಾತಾಡಿಸುವಂತಿಲ್ಲ. ಮನೆಗೆ ಬೆಂಕಿ ಬಿದ್ದರೂ ಎಂಟೂ ಮೂವತ್ತೈದಕ್ಕೆ ಹೇಳಬೇಕು.

ನಾವಿರುವುದು ಹವಾಮಾನ ಕೇಂದ್ರದ ಕ್ವಾರ್ಟರ್ಸಿನಲ್ಲಿ. ಕೇಂದ್ರ ಎಂದ ಕೂಡಲೇ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ತಂತಿಬೇಲಿ ಹಾಕಿದ ಒಂದಿಷ್ಟು ಹುಲ್ಲು, ಅದರ ನಡುವೆ ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ, ಮಳೆ ಅಳೆಯುವ ಡಬ್ಬ, ಮತ್ತು ನಾಲ್ಕು ಅಡಿ ಅಗಲದ, ಮೇಲೆ ಜಾಲರಿ ಮುಚ್ಚಿದ ಒಂದು ಲೋಹದ ತೊಟ್ಟಿ. ತೊಟ್ಟಿಯೊಳಗೆ ಒಂದು ಮುಳ್ಳು. ನಿನ್ನೆ ಬೆಳಗ್ಗೆ ಮುಳ್ಳಿನ ತುದಿ ಮುಟ್ಟುತ್ತಿದ್ದ ನೀರು, ಬಿಸಿಲಿಗೆ ಆವಿಯಾಗಿ ಇವತ್ತು ಕೆಳಗಿಳಿದಿರುತ್ತದೆ. ಹಿತ್ತಾಳೆಯ ಅಳತೆ ಪಾತ್ರೆಯಲ್ಲಿ ನೀರು ಸುರಿದು ಮತ್ತೆ ಮುಳ್ಳಿನ ತುದಿಗೆ ತರಬೇಕು. ಎಷ್ಟು ಪಾತ್ರೆ ಹಿಡಿಯಿತೋ ಅಷ್ಟು ನೀರನ್ನು ಆಕಾಶ ಕುಡಿಯಿತು ಅಂತ ಲೆಕ್ಕ. ಈ ಕೆಲಸಕ್ಕೆ ಸರ್ಕಾರ ಒಬ್ಬ ಗಂಡಸನ್ನು ಇಟ್ಟಿದೆ, ಸಂಬಳ ಕೊಡುತ್ತದೆ.

ಆ ಗಂಡಸು ಮೂವತ್ತೊಂದು ವರ್ಷ ನನ್ನ ಅಪ್ಪನಾಗಿದ್ದ, ಈಗ ಒಂಬತ್ತು ವರ್ಷದಿಂದ ನನ್ನ ಗಂಡ. ಅಪ್ಪ ನಿವೃತ್ತರಾದರೂ ಕ್ವಾರ್ಟರ್ಸು ಬಿಡಬೇಕಾಗಲಿಲ್ಲ, ಅಳಿಯನ ಹೆಸರಿಗೆ ಬಂತು. ಹೀಗಾಗಿ ನಾನು ಹುಟ್ಟಿದ ಮನೆಯೂ ಅದೇ, ಕೊಟ್ಟ ಮನೆಯೂ ಅದೇ. ಗಂಡನ ಜೊತೆ ಜಗಳವಾದರೆ ತವರಿಗೆ ಹೋಗುತ್ತೇನೆಂದು ಹೆದರಿಸಲೂ ನನಗೆ ಜಾಗವಿಲ್ಲ. ಹೆಚ್ಚೆಂದರೆ ಹಿಂದಿನ ಕೋಣೆಗೆ ಹೋಗಬಹುದು, ಅಲ್ಲಿ ಅಪ್ಪ ಗೊರಕೆ ಹೊಡೆಯುತ್ತಿರುತ್ತಾರೆ.

ಅಪ್ಪನ ಕಾಲದಲ್ಲಿ ಬೇಸಿಗೆಯ ದಿನವೊಂದಕ್ಕೆ ತೊಟ್ಟಿ ಆರು ಪಾತ್ರೆ ಕುಡಿಯುತ್ತಿತ್ತು. ಒಮ್ಮೆ ಏಳೂವರೆ ಕುಡಿದಿತ್ತು. ಆ ತಾರೀಕನ್ನು ಅವರು ನನ್ನ ಹುಟ್ಟಿದ ತಾರೀಕಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ. ನನ್ನವರ ಕೈಗೆ ಬಂದಮೇಲೆ ಆರು ಐದೂವರೆಯಾಯಿತು, ಐದಾಯಿತು, ಈಚೆಗೆ ನಾಲ್ಕಕ್ಕೆ ಬಂದು ನಿಂತಿತು. ಸೆಕೆಯೇನೋ ವರ್ಷದಿಂದ ವರ್ಷಕ್ಕೆ ಜಾಸ್ತಿಯೇ. ಬೆವರು ಒರೆಸಿ ಒರೆಸಿ ಸಾಕಾದ ನಾವು ಮೂವರೂ ಕೂತು ನಾಲ್ಕು ಎಂಬ ಸಂಖ್ಯೆಯನ್ನು ನೋಡುತ್ತಿದ್ದೆವು.

"ನನ್ನ ಕಾಲದಲ್ಲಿ ಆರು" ಎನ್ನುತ್ತಿದ್ದರು ಅಪ್ಪ, ಚಾವಣಿಗೆ ಹೇಳಿದಂತೆ.

"ಹೌದು ಮಾವ."

"ನಾನೇನೂ ಅನ್ನಲಿಲ್ಲಪ್ಪ. ಆರು ಅಂದೆ ಅಷ್ಟೇ."

ಅಳಿಯ ಸೋಮಾರಿ, ಮಂಚದ ಮೇಲೆ ಕೂತೇ ನಾಲ್ಕು ಅಂತ ಬರೆಯುತ್ತಾನೆ ಎಂಬುದು ಅದರ ಅರ್ಥ. ಬಾಯಿಬಿಟ್ಟು ಹೇಳುವಷ್ಟು ಒರಟರಲ್ಲ ಅಪ್ಪ, ನುಂಗಿಕೊಳ್ಳುವಷ್ಟು ದೊಡ್ಡವರೂ ಅಲ್ಲ. ನನ್ನವರಿಗೆ ಅದು ಗೊತ್ತಿತ್ತು. ಎರಡು ವರ್ಷದಿಂದ ಅವರು ಪಾತ್ರೆಯನ್ನು ಒಂದಕ್ಕೆರಡು ಸಲ ತೊಳೆದು, ಮುಳ್ಳಿನ ಮುಂದೆ ಮಂಡಿಯೂರಿ, ಉಸಿರು ಬಿಗಿಹಿಡಿದು ಅಳೆಯುತ್ತಿದ್ದರು. ಆದರೂ ನಾಲ್ಕೇ.

ಹೀಗಿರುವಾಗ ಹೆಡ್ಡಾಫೀಸಿನಿಂದ ಮೆಮೊ ಬಂತು. "ನಿಮ್ಮ ಕೇಂದ್ರದಲ್ಲಿ ತಾಪಮಾನ ಏರುತ್ತಿದ್ದು, ಆವಿಯಾಗುವ ನೀರಿನ ಪ್ರಮಾಣ ಮಾತ್ರ ಇಳಿಯುತ್ತಿದೆ. ಇದು ಅಸಾಧ್ಯ. ಅಳೆಯದೆಯೇ ಬರೆದಿರುವ ಅನುಮಾನವಿದೆ. ಮುಂದಿನ ತಿಂಗಳು ತನಿಖೆ ನಡೆಯಲಿದ್ದು, ತಪ್ಪು ಸಾಬೀತಾದಲ್ಲಿ ಕೆಲಸದಿಂದ ತೆಗೆಯಲಾಗುವುದು." ಕೆಳಗೆ ಯಾರದೋ ಸಹಿ, ಸಹಿಯ ಕೆಳಗೆ ದುಂಡನೆಯ ಮೊಹರು.

ಕೆಲಸ ಹೋದರೆ ಕ್ವಾರ್ಟರ್ಸೂ ಹೋಯಿತು. ಆದರೆ ನನ್ನವರ ಮುಖ ಬಿಳಿಚಿದ್ದು ಅದಕ್ಕಲ್ಲ. "ಅಳೆಯದೆ ಬರೆದಿದ್ದೀನಂತೆ ಕಣೇ. ನಾನು" ಎಂದು ಮೂರು ಸಲ ಅಂದರು. ಜ್ವರ ನೂರಾ ಮೂರು ಇದ್ದಾಗಲೂ ನನ್ನ ಹೆಗಲು ಹಿಡಿದುಕೊಂಡು ಹೋಗಿ ಅಳೆದು ಬಂದ ಮನುಷ್ಯ ಅವರು.

ಮಾರನೆಯ ದಿನದಿಂದ ಪತ್ತೇದಾರಿಕೆ ಶುರುವಾಯಿತು. ಆಕಾಶ ಕಡಿಮೆ ಕುಡಿಯುತ್ತಿಲ್ಲ, ಯಾರೋ ತೊಟ್ಟಿಗೆ ನೀರು ಸೇರಿಸುತ್ತಿದ್ದಾರೆ ಎಂದು ನನ್ನವರು ತೀರ್ಮಾನಿಸಿದರು. ಟೇಪು ಹಿಡಿದು ನನ್ನ ಬಟ್ಟೆ ಒಣಗಿಸುವ ತಂತಿಯಿಂದ ತೊಟ್ಟಿಗೆ ಇರುವ ದೂರ ಅಳೆದರು. ಇಪ್ಪತ್ತಮೂರು ಅಡಿ.

"ನೀನು ಬೆಡ್‌ಶೀಟು ಕೊಡವುವಾಗ ನೀರು ಹಾರುತ್ತಾ?"

"ದಿನಾ ಎರಡು ಪಾತ್ರೆ ನೀರು, ಇಪ್ಪತ್ತಮೂರು ಅಡಿ ಹಾರಿ, ಬೇಲಿ ದಾಟಿ, ಜಾಲರಿ ತೂರಿ, ಸರಿಯಾಗಿ ನಿಮ್ಮ ತೊಟ್ಟಿಗೇ ಬೀಳುತ್ತಾ?"

"ಕೇಳಿದೆ ಅಷ್ಟೇ."

"ರೀ, ನೀರು ಕದಿಯೋರನ್ನ ನೋಡಿದ್ದೀನಿ. ತಂದು ಸುರಿದು ಓಡಿಹೋಗೋ ಕಳ್ಳರನ್ನ ನೀವು ಎಲ್ಲಿ ನೋಡಿದ್ದೀರಿ?"

ಅವರು ಮುಖ ಸಪ್ಪಗೆ ಮಾಡಿಕೊಂಡು ಹೋಗಿ ಬೇಲಿಯ ಗೇಟಿಗೆ ಹೊಸ ಬೀಗ ಹಾಕಿದರು. ಎರಡು ಬೀಗದ ಕೈ. ಒಂದನ್ನು ತಾವಿಟ್ಟುಕೊಂಡು, ಇನ್ನೊಂದನ್ನು ಭದ್ರವಾಗಿರಲೆಂದು ಅಪ್ಪನ ಕೈಗೆ ಕೊಟ್ಟರು.

ಬೀಗ ಹಾಕಿದ ಮರುದಿನವೇ ತೊಟ್ಟಿ ಆರು ಪಾತ್ರೆ ಕುಡಿಯಿತು.

ನನ್ನವರು ಓಡಿಬಂದು, ಎಂಟೂ ಮೂವತ್ತೈದಾಗುವ ಮೊದಲೇ ಮಾತಾಡಿದರು. "ಆರು! ನೋಡಿದ್ಯಾ, ಬೀಗ ಹಾಕಿದ ಮೇಲೆ ಆರು! ಯಾರೋ ಸುರೀತಿದ್ರು!" ಮರುದಿನವೂ ಆರು, ಅದರ ಮರುದಿನವೂ ಆರು. ಅಪ್ಪ ಬೆನ್ನ ಹಿಂದೆ ಕೈಕಟ್ಟಿ ನಿಂತು, "ಹ್ಞೂಂ, ಈಗ ದಾರಿಗೆ ಬಂತು" ಎಂದರು. ಅವರ ಮುಖದಲ್ಲಿ ಪರೀಕ್ಷೆಯಲ್ಲಿ ಮಗ ಪಾಸಾದಷ್ಟು ತೃಪ್ತಿ. ಅವತ್ತು ಅಳಿಯನ ಜೊತೆ ಕೂತು ಟೀ ಕುಡಿದರು, ಎರಡು ವರ್ಷದ ಮೇಲೆ.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ತೊಟ್ಟಿ ಆರು ಪಾತ್ರೆ ಕುಡಿಯುವಂಥ ಬಿಸಿಲಿದ್ದರೆ ನನ್ನ ಬೆಡ್‌ಶೀಟುಗಳು ಯಾಕೆ ಒಣಗುತ್ತಿಲ್ಲ?

ಲಾಡ್ಜಿನ ಬಟ್ಟೆ ಒಗೆಯುವ ಗುತ್ತಿಗೆ ನನಗೆ ಹನ್ನೊಂದು ವರ್ಷದಿಂದಿದೆ. ಅಲ್ಲಿನ ಮ್ಯಾನೇಜರಿಗೆ ನಾನಿಟ್ಟ ಹೆಸರು ಚೀಟಿರಾಯ. ಆ ಮನುಷ್ಯ ಎದುರಿಗೆ ನಿಂತಿದ್ದರೂ ಬಾಯಲ್ಲಿ ಬಯ್ಯುವುದಿಲ್ಲ, ಚೀಟಿ ಬರೆದು ಕೊಡುತ್ತಾನೆ. ತಾರೀಕು, ಗಂಟೆ, ನಿಮಿಷ ಎಲ್ಲ ಹಾಕಿ. "ಬೆಡ್‌ಶೀಟುಗಳು 1.10ಕ್ಕೆ ಬಂದವು. ಹತ್ತು ನಿಮಿಷ ತಡ. ಗಮನಿಸುವುದು." ಒಂದು ದಿನ ಎಲ್ಲವನ್ನೂ ಒಟ್ಟಿಗೆ ಅವನ ಮುಖಕ್ಕೆ ಎಸೆಯಬೇಕೆಂದು ನಾನು ಅವನ್ನೆಲ್ಲ ಅಡುಗೆಮನೆಯ ಬಾಗಿಲ ಹಿಂದೆ ತಂತಿಗೆ ಚುಚ್ಚಿ ಇಟ್ಟಿದ್ದೆ. ಮೊದಲ ವರ್ಷ ಮಧ್ಯಾಹ್ನ ಒಂದು ಗಂಟೆಯೊಳಗೆ ಒಣಗುತ್ತಿದ್ದ ಬಟ್ಟೆ, ಈಗ ಮೂರೂವರೆಯಾದರೂ ಅಂಚಿನಲ್ಲಿ ತಣ್ಣಗಿರುತ್ತಿತ್ತು. ಒಣಗಿದ ಮೇಲೂ ಕೊಡವಿದರೆ ಮಸಿ. ಊರಾಚೆ ಸಾಲಾಗಿ ಎದ್ದ ಇಟ್ಟಿಗೆ ಗೂಡುಗಳ ಹೊಗೆ, ಅವಕ್ಕೆ ಕಲ್ಲಿದ್ದಲು ತರುವ ಲಾರಿಗಳ ಹೊಗೆ, ಎಲ್ಲ ಸೇರಿ ಆಕಾಶ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿ ಎಷ್ಟೋ ವರ್ಷವಾಗಿತ್ತು.

ಇನ್ನೊಂದು ವಿಚಿತ್ರ. ಬೇಲಿಯ ಪಕ್ಕ ಒಂದು ನಿಂಬೆ ಗಿಡವಿತ್ತು. ಇವತ್ತೋ ನಾಳೆಯೋ ಎನ್ನುವಂತಿದ್ದ ಆ ಗಿಡ, ಯಾರೂ ತಿರುಗಿ ನೋಡದಿದ್ದರೂ ಆ ಬಿರುಬೇಸಿಗೆಯಲ್ಲಿ ಚಿಗುರಿ ಹೂ ಬಿಟ್ಟಿತು.

ಆಮೇಲೆ ಲಾರಿಯವರ ಮುಷ್ಕರ ಶುರುವಾಯಿತು. ಲಾರಿ ನಿಂತವು, ಕಲ್ಲಿದ್ದಲು ನಿಂತಿತು, ಗೂಡುಗಳು ಒಂದೊಂದಾಗಿ ಆರಿದವು. ನಾಲ್ಕನೆಯ ದಿನ ಬೆಳಗ್ಗೆ ಬಟ್ಟೆ ಒಣಹಾಕುತ್ತ ತಲೆಯೆತ್ತಿದರೆ ಉತ್ತರಕ್ಕೆ ಒಂದು ಬೆಟ್ಟ ನಿಂತಿತ್ತು. ಚಿಕ್ಕಂದಿನಲ್ಲಿ ನೋಡಿದ ಬೆಟ್ಟವೇ. ಅದು ಅಲ್ಲಿರುವುದನ್ನೇ ನಾನು ಮರೆತಿದ್ದೆ. ನೆರಳು ಎನ್ನುವುದಕ್ಕೆ ಅಂಚಿರುತ್ತದೆಂದು ಅವತ್ತು ಮತ್ತೆ ಗೊತ್ತಾಯಿತು. ಬೆಡ್‌ಶೀಟುಗಳು ಹನ್ನೆರಡೂವರೆಗೇ ಗರಿಗರಿ. ಓಡುತ್ತ ತೆಗೆದುಕೊಂಡು ಹೋಗಿ ಕೊಟ್ಟರೆ ಚೀಟಿರಾಯ ಗಡಿಯಾರ ನೋಡಿ, ಪೆನ್ನು ತೆಗೆದು ಬರೆದ: "ಬೆಡ್‌ಶೀಟುಗಳು 12.50ಕ್ಕೆ ಬಂದವು. ಕೋಣೆಗಳು ಇನ್ನೂ ಖಾಲಿಯಾಗಿಲ್ಲ. ಇಷ್ಟು ಬೇಗ ತಂದದ್ದೇಕೆ? ಗಮನಿಸುವುದು."

ಮುಷ್ಕರ ಶುರುವಾದಾಗಿನಿಂದ ಆರೂವರೆ, ಏಳು, ಏಳೂವರೆ ಎಂದು ಏರುತ್ತ ಬಂದಿದ್ದ ತೊಟ್ಟಿ ಮಾರನೆಯ ದಿನ ಎಂಟೂವರೆಗೆ ಎಂಟು ಪಾತ್ರೆ ಕುಡಿಯಿತು.

ನನ್ನವರು ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರು. ಎಂಟು! ಅಪ್ಪನ ಏಳೂವರೆಯ ದಾಖಲೆ ಮುರಿದುಬಿದ್ದಿತ್ತು. ಅಪ್ಪ ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಮುಖಮಾಡಿ ಮಲಗಿದರು. ಊಟಕ್ಕೆ ಕರೆದರೆ, "ನನಗೆ ಹಸಿವಿಲ್ಲ. ಎಂಟು ಕುಡಿಸಿದೋರಿಗೆ ಬಡಿಸು" ಎಂದರು. ಸಂಜೆ ಹೆಡ್ಡಾಫೀಸಿನಿಂದ ಫೋನು. ಇಷ್ಟು ದಿನ ಕಡಿಮೆ ಬರೆದಿರಿ, ಮೆಮೊ ಕಳಿಸಿದ ಮೇಲೆ ಹೆದರಿ ಮನಸ್ಸಿಗೆ ಬಂದಷ್ಟು ಬರೆಯುತ್ತಿದ್ದೀರಾ? ಮುಂದಿನ ತಿಂಗಳವರೆಗೆ ಕಾಯುವುದಿಲ್ಲ, ನಾಳೆಯೇ ತನಿಖೆಗೆ ಬರುತ್ತೇವೆ.

ಮರುದಿನ ಬೆಳಗ್ಗೆ ಐದೂವರೆಗೆ ಎದ್ದು ಒಗೆಯಲು ಕೂತರೆ ನನ್ನ ನೀಲಿ ಮಗ್ಗು ಇಲ್ಲ. ಹುಡುಕುತ್ತ ಹಿತ್ತಲಿಗೆ ಬಂದೆ. ಬೇಲಿಯ ಗೇಟು ತೆರೆದಿತ್ತು. ಒಳಗೆ, ಬನಿಯನ್ನು ಹಾಕಿಕೊಂಡು, ತೊಟ್ಟಿಯ ಜಾಲರಿಯ ಮೂಲೆ ಎತ್ತಿ ಹಿಡಿದು, ಅಪ್ಪ ನನ್ನ ಮಗ್ಗಿನಲ್ಲಿ ನೀರು ಮೊಗೆಯುತ್ತಿದ್ದರು. ಮೊಗೆದದ್ದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಹೆಚ್ಚಾದ ಎರಡು ಹನಿಯನ್ನು ವಾಪಸು ತೊಟ್ಟಿಗೆ ಬಿಟ್ಟು, ಉಳಿದದ್ದನ್ನು ನಿಂಬೆ ಗಿಡದ ಬುಡಕ್ಕೆ ಸುರಿದು "ಏಳು" ಎಂದರು. ಮತ್ತೆ ಮೊಗೆದು, ನೋಡಿ, ಸುರಿದು, "ಎಂಟು."

"ಅಪ್ಪಾ!"

ಅವರು ಬೆಚ್ಚಿಬಿದ್ದರು. ಆದರೆ ಮಗ್ಗು ಬಿಡಲಿಲ್ಲ. "ತಡಿ, ಇನ್ನೊಂದಿದೆ. ಒಂಬತ್ತಾದ್ರೆ ಎರಡು ಪಾತ್ರೆಗೆ ಸರಿಹೋಗುತ್ತೆ."

ನನ್ನ ಕೂಗಿಗೆ ನನ್ನವರೂ ಎದ್ದು ಬಂದರು. ತೊಟ್ಟಿ, ಮಗ್ಗು, ಒದ್ದೆಯಾದ ನಿಂಬೆಯ ಬುಡ ಎಲ್ಲವನ್ನೂ ಒಂದೊಂದಾಗಿ ನೋಡಿ, ಮೆಲ್ಲಗೆ ಕೇಳಿದರು. "ಎಷ್ಟು ದಿನದಿಂದ, ಮಾವ?"

"ಬೀಗದ ಕೈ ಕೊಟ್ರಲ್ಲ, ಆವತ್ತಿನಿಂದ." ಅಪ್ಪ ಮಗ್ಗನ್ನು ಬೆನ್ನ ಹಿಂದೆ ಇಟ್ಟುಕೊಂಡರು. "ತನಿಖೆಗೆ ಬರ್ತಾರೆ ಅಂದ್ರಿ. ಕೆಲಸ ಹೋಗುತ್ತೆ ಅಂದ್ರಿ. ಶುರು ಮಾಡಿದ್ಮೇಲೆ ಒಮ್ಮೆಗೇ ನಿಲ್ಲಿಸಿದ್ರೆ ಸಿಕ್ಕಿಬೀಳ್ತೀವಲ್ಲ. ಅಳಿಯಂದ್ರಿಗೆ ಅಳೆಯೋಕೆ ಬರಲ್ಲ ಅಂತ ನಾನು ಮನೇಲಿ ಅಂದುಕೊಂಡ್ರೆ ಅದು ಬೇರೆ. ಹೊರಗಿನೋರು ಯಾಕೆ ಅನ್ನಬೇಕು?"

ನನಗೆ ಒಂದು ಕಡೆ ನಗು, ಒಂದು ಕಡೆ ಅಳು, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ನನ್ನವರು ಮಾತ್ರ ತೊಟ್ಟಿಯ ಪಕ್ಕ ಕುಸಿದು ಕೂತರು. "ಒಂಬತ್ತು ವರ್ಷದಲ್ಲಿ ಒಂದು ಸುಳ್ಳು ಸಂಖ್ಯೆ ಬರೆದಿರಲಿಲ್ಲ. ಈಗ ಹತ್ತೊಂಬತ್ತು ದಿನ ಬರೀ ಸುಳ್ಳು. ಇವತ್ತು ಬರೋರಿಗೆ ಏನು ಹೇಳಲಿ?"

"ಏನೂ ಹೇಳಬೇಡಿ" ಎಂದರು ಅಪ್ಪ.

"ಎಲ್ಲಾ ಹೇಳ್ತೀನಿ" ಎಂದರು ನನ್ನವರು.

ತನಿಖೆಗೆ ಬಂದದ್ದು ಒಬ್ಬ ಮೇಡಂ. ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲಿ ದಪ್ಪ ಫೈಲು. ನಗುವುದಕ್ಕೂ ಮೇಲಿನಿಂದ ಅನುಮತಿ ಬರಬೇಕೇನೋ ಎಂಬಂಥ ಮುಖ. ಕುರ್ಚಿಯಲ್ಲಿ ಕೂರುವ ಮೊದಲೇ ನನ್ನವರು ಪುಸ್ತಕ ಮುಂದಿಟ್ಟು, "ಇದರಲ್ಲಿ ಹತ್ತೊಂಬತ್ತು ದಿನದ್ದು ಸುಳ್ಳು ಮೇಡಂ. ಹೊಡೆದುಹಾಕಿ. ಮಿಕ್ಕಿದ್ದೆಲ್ಲ ನಿಜ. ನಾಲ್ಕು ಅಂತ ಬರೆದಿರೋದು ನಾಲ್ಕೇ" ಎಂದರು. ಯಾಕೆ ಸುಳ್ಳು, ಯಾರಿಂದ ಎನ್ನುವುದನ್ನು ಹೇಳಲಿಲ್ಲ. ಮೇಡಂ ಮೂರು ಸಲ ಕೇಳಿದರೂ ನೆಲ ನೋಡುತ್ತ ನಿಂತರು. ಕೆಲಸ ಕೈಬಿಟ್ಟು ಹೋಗುವುದು ಎದುರಿಗೇ ಕಾಣುತ್ತಿತ್ತು.

ಆಗ ಬಾಗಿಲಲ್ಲಿ ನಿಂತಿದ್ದ ಅಪ್ಪ ಗಂಟಲು ಸರಿಮಾಡಿಕೊಂಡರು. "ನೀರು ಕದ್ದವನು ನಾನು. ದಿನಾ ಒಂಬತ್ತು ಮಗ್ಗು. ಒಂದು ದಿನ ಅರ್ಧ ಮಗ್ಗು ಕೈಜಾರಿ ವಾಪಸು ತೊಟ್ಟಿಗೇ ಬಿತ್ತು, ಆವತ್ತು ಎಂಟೂವರೆ ಮಗ್ಗು. ಎಲ್ಲಾ ಇದರಲ್ಲಿದೆ." ಜೇಬಿನಿಂದ ಸಣ್ಣ ಡೈರಿ ತೆಗೆದು ಮೇಜಿನ ಮೇಲಿಟ್ಟರು. ಪುಟದ ತುಂಬ ಪೆನ್ಸಿಲ್ಲಿನ ಗೆರೆ: ತಾರೀಕು, ಗಂಟೆ, ಮಗ್ಗು, ಷರಾ.

ಮೇಡಂ ಡೈರಿ ತಿರುವಿದರು. "ಕದ್ದದ್ದನ್ನೂ ಬರೆದಿಟ್ಟಿದ್ದೀರಾ?"

"ಅಳೆದಮೇಲೆ ಬರೀದೆ ಇರೋಕಾಗುತ್ತಾ?" ಎಂದರು ಅಪ್ಪ, ನಿಜವಾಗಿಯೂ ಆಶ್ಚರ್ಯಪಟ್ಟು.

ಮೇಡಂ ಅವರ ತುಟಿಯ ಒಂದು ಕೊನೆ ಅಲುಗಿತು. ನನ್ನ ನೀಲಿ ಮಗ್ಗನ್ನು ತರಿಸಿ, ಅಳತೆ ಪಾತ್ರೆಗೆ ನೀರು ಸುರಿದು ನೋಡಿದರು. ಒಂಬತ್ತು ಮಗ್ಗಿಗೆ ಎರಡು ಪಾತ್ರೆ, ಒಂದು ತೊಟ್ಟೂ ಆಚೀಚೆಯಿಲ್ಲ. ಪೆನ್ನು ತೆಗೆದು ಪುಸ್ತಕದ ಪ್ರತಿಯೊಂದು ಸಂಖ್ಯೆಯಿಂದ ಅಪ್ಪ ಕದ್ದದ್ದನ್ನು ಕಳೆಯುತ್ತ ಹೋದರು. ಮುಷ್ಕರಕ್ಕೆ ಮೊದಲು ಎಲ್ಲ ನಾಲ್ಕು, ನಾಲ್ಕು, ನಾಲ್ಕು. ಮುಷ್ಕರ ಶುರುವಾದ ಮೇಲೆ ನಾಲ್ಕೂವರೆ, ಐದು, ಐದೂವರೆ. ಎಂಟು ಬರೆದ ದಿನ, ಆರು.

ಅಪ್ಪ ಹತ್ತಿರ ಬಂದು ಕನ್ನಡಕ ಏರಿಸಿ ನೋಡಿದರು. "ಆರು. ಇದು ನನ್ನ ಆರು."

"ಈ ದಿನಗಳಲ್ಲಿ ಬೇರೇನಾಯ್ತು?" ಎಂದರು ಮೇಡಂ.

"ಹೊಗೆ ನಿಂತಿತು" ಎಂದೆ ನಾನು. ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. "ಬೆಟ್ಟ ಕಾಣಿಸ್ತು. ಬಟ್ಟೆ ಬೇಗ ಒಣಗಿತು."

"ಅದಕ್ಕೆ ದಾಖಲೆ ಏನಿದೆ?"

ದಾಖಲೆ! ನಾನು ಒಳಗೆ ಹೋಗಿ ಬಾಗಿಲ ಹಿಂದಿನ ತಂತಿಯನ್ನು ಕಿತ್ತು ತಂದು, ಹನ್ನೊಂದು ವರ್ಷದ ಬೈಗುಳವನ್ನು ಮೇಜಿನ ಮೇಲೆ ಧಡ್ಡನೆ ಇಟ್ಟೆ. ಮೇಡಂ ಓದತೊಡಗಿದರು. ತಡ 1.10. ತಡ 1.45. ತಡ 2.30. "3.40. ಅತಿಥಿಯೊಬ್ಬರು ಒದ್ದೆ ಬೆಡ್‌ಶೀಟಿನಲ್ಲಿ ಮಲಗಿ ಸೀನುತ್ತಿದ್ದಾರೆ. ಸೀನು ಎಣಿಸಲಾಗಿದೆ: 14." ಕೊನೆಗೆ "ಇಷ್ಟು ಬೇಗ ತಂದದ್ದೇಕೆ?" ಎಂಬ ಚೀಟಿಗೆ ಬಂದಾಗ ಮೇಡಂ ಮೇಲಿನ ಅನುಮತಿಗೆ ಕಾಯದೆ ನಕ್ಕುಬಿಟ್ಟರು. ತುರುಬು ಬಿಚ್ಚಿಹೋಗುವಷ್ಟು ನಕ್ಕರು.

ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು. "ಹೊಗೆಯಲ್ಲಿರೋ ಮಸಿ, ಧೂಳು ಎಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಗಾಳೀಲಿ ತೇಲ್ತಾ ಇರುತ್ತೆ. ಬರೋ ಬಿಸಿಲಲ್ಲಿ ಒಂದಿಷ್ಟನ್ನ ವಾಪಸ್ ಮೇಲಕ್ಕೆ ಕಳಿಸುತ್ತೆ, ಒಂದಿಷ್ಟನ್ನ ತಾನೇ ನುಂಗುತ್ತೆ. ನೆಲಕ್ಕೆ ಸಿಗೋದು ಮಿಕ್ಕಿದ್ದು."

"ಆದ್ರೆ ಸೆಕೆ ಜಾಸ್ತಿ ಆಗಿದೆಯಲ್ಲ?" ಎಂದರು ಅಪ್ಪ.

"ಸೆಕೆ ಬೇರೆ, ಬಿಸಿಲು ಬೇರೆ. ತೊಟ್ಟಿಯ ನೀರನ್ನ ಮುಖ್ಯವಾಗಿ ಎತ್ತೋದು ಬಿಸಿಲು. ನಾವೂ ಅದನ್ನೇ ಮರೆತ್ವಿ." ಫೈಲು ಮುಚ್ಚಿದರು. "ಈ ಕಡೆ ನಮ್ಮ ಹನ್ನೊಂದು ಕೇಂದ್ರ ಇದೆ. ಒಂಬತ್ತರಲ್ಲಿ ಹೀಗೇ ಇಳೀತಾ ಇದೆ. ಒಂಬತ್ತು ಜನಕ್ಕೂ ಒಂದೇ ಮೆಮೊ ಕಳಿಸಿದ್ವಿ. ಒಂಬತ್ತು ಜನಾನೂ ಸುಳ್ಳು ಬರೀತಿದ್ದಾರೆ ಅಂದುಕೊಂಡ್ವಿ. ಒಮ್ಮೆ ತಲೆಯೆತ್ತಿ ಆಕಾಶ ನೋಡೋಣ ಅಂತ ಆಫೀಸಿನಲ್ಲಿ ಯಾರಿಗೂ ಹೊಳೀಲಿಲ್ಲ."

ಮೆಮೊ ವಾಪಸಾಯಿತು. ನಾಲ್ಕು ನಾಲ್ಕಾಗಿಯೇ ಉಳಿಯಿತು. ಅಪ್ಪನಿಗೆ ಇನ್ನು ಬೇಲಿಯೊಳಗೆ ಒಬ್ಬರೇ ಹೋಗಕೂಡದೆಂದು ಬರವಣಿಗೆಯಲ್ಲಿ ಎಚ್ಚರಿಕೆ ಬಂತು. ಅದನ್ನು ಅವರು ಡೈರಿಯಲ್ಲಿ ಅಂಟಿಸಿಕೊಂಡರು. ನನ್ನ ಚೀಟಿಗಳು ಹೆಡ್ಡಾಫೀಸಿಗೆ ಹೋದವು. ವಿಷಯ ತಿಳಿದ ಚೀಟಿರಾಯ ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿ, ಮೂರನೆಯ ದಿನದಿಂದ ಪ್ರತಿ ಚೀಟಿಗೂ ನಕಲು ಪ್ರತಿ ತೆಗೆಯತೊಡಗಿದ. ಗೇಟಿನಿಂದ ಹೊರಡುವಾಗ ಮೇಡಂ ಮಳೆ ಡಬ್ಬದ ಕಡೆ ನೋಡಿ, "ಇದನ್ನೂ ಸರಿಯಾಗಿ ನೋಡ್ತಾ ಇರಿ. ಮೇಲಕ್ಕೆ ಹೋಗೋ ನೀರೇ ಕಡಿಮೆ ಆದ್ರೆ, ಕೆಳಗೆ ಬರೋದೂ ಒಂದಿನ ಕಡಿಮೆ ಆಗಬಹುದು" ಎಂದರು. ಆಗ ಯಾರಿಗೂ ನಗು ಬರಲಿಲ್ಲ.

ಮುಷ್ಕರ ಮುಗಿಯಿತು. ಲಾರಿಗಳು ಹೊರಟವು, ಗೂಡುಗಳು ಹೊತ್ತಿಕೊಂಡವು, ಒಂದು ವಾರದಲ್ಲಿ ಬೆಟ್ಟ ಎಲ್ಲಿತ್ತೆಂದು ಬೆರಳಿಟ್ಟು ತೋರಿಸಲೂ ಆಗದಂತಾಯಿತು. ಅವತ್ತು ಎಂಟೂವರೆಗೆ ನನ್ನವರು ಅಪ್ಪನನ್ನೂ ಬೇಲಿಯೊಳಗೆ ಕರೆದುಕೊಂಡು ಹೋಗಿ, ಪಾತ್ರೆಯನ್ನು ಅವರ ಕೈಗೇ ಕೊಟ್ಟರು. ನಾನು ಬೆಡ್‌ಶೀಟು ಹಿಡಿದುಕೊಂಡು ತಂತಿಯ ಹತ್ತಿರ ನಿಂತು ನೋಡಿದೆ.

ಅಪ್ಪ ಮಂಡಿಯೂರಿ ಸುರಿದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನೀರು ಮುಳ್ಳಿನ ತುದಿ ಮುಟ್ಟಿತು. ಆದರೂ ಅವರು ಐದನೆಯ ಪಾತ್ರೆ ತುಂಬಿಕೊಂಡರು. ತುಂಬಿದ ಪಾತ್ರೆಯನ್ನು ತೊಟ್ಟಿಯ ಮೇಲೆ ಹಿಡಿದು ಬಹಳ ಹೊತ್ತು ಕೂತರು.

"ಎರಡು ವರ್ಷ ನಿಮ್ಮನ್ನ ಸುಳ್ಳುಗಾರ ಅಂದುಕೊಂಡಿದ್ದೆ. ತಪ್ಪಾಯ್ತು, ಅಳಿಯಂದ್ರೇ" ಎಂದರು.

ನನ್ನವರು ಏನೂ ಹೇಳಲಿಲ್ಲ. ಎಂಟೂ ಮೂವತ್ತೈದು ಇನ್ನೂ ಆಗಿರಲಿಲ್ಲ.

ಅಪ್ಪ ಪಾತ್ರೆಯನ್ನು ಕೆಳಗಿಟ್ಟರು. "ನಾಲ್ಕೇ. ನಾಲ್ಕು ಅಂತಲೇ ಬರೀರಿ." ನನ್ನವರು ಬರೆದರು. ಆಕಾಶ ಕುಡಿಯದೆ ಬಿಟ್ಟ ಎರಡು ಪಾತ್ರೆ ನೀರು ತೊಟ್ಟಿಯಲ್ಲೇ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ.